ನೊರಿ ಯಾಕ ಕುಸೀತು?

ಬಿಯರ್ ಅಂದಕೂಡಲೆ ಮೂಗು ಮುರೀಬ್ಯಾಡ್ರಿ. ಈ ಬರಹ ಕುಡಿಯೋದರ ಬಗ್ಗೆ ಅಲ್ಲ, ಕೆಡೋದರ ಬಗ್ಗೆ. ದ್ವಾಸಿ ಹಿಟ್ಟು ಉಬ್ಬಲಿಲ್ಲ, ಮೊಸರು ಹೆಪ್ಪಾಗಲಿಲ್ಲ, ಉಪ್ಪಿನಕಾಯಿ ಮ್ಯಾಲೆ ಬೂಷ್ಟು ಬಂತು ಅನ್ನೋ ಸಂಕಟ ನಮಗ ಯಾರಿಗೆ ಗೊತ್ತಿಲ್ಲ ಹೇಳ್ರಿ? ಆರುನೂರು ವರ್ಷದ ಹಿಂದ ಇಂಗ್ಲೆಂಡಿನ ಹೆಣ್ಣಮಕ್ಕಳಿಗೂ ಇದೇ ಸಂಕಟ ಇತ್ತು. ಅವರ ಪಾತ್ರಿಯೊಳಗ ಹಿಟ್ಟಿನ ಬದಲಿ ಬಿಯರ್ ಇರ್ತಿತ್ತು, ಅಷ್ಟ ಫರಕು. ಆ ಕಾಲಕ್ಕ ಅದು ಅಲ್ಲಿಯ ಹೆಣ್ಣಮಕ್ಕಳ ಅಡಗಿಮನಿ ಕೆಲಸನ ಆಗಿತ್ತು. ಒಲಿ ಮುಂದ ನಿಂತು ಮಾಡೋದು, ಮನಿಮಂದಿಗೆಲ್ಲಾ ಊಟದ ಜೋಡಿ ಕೊಡೋದು, ಉಳದದ್ದನ್ನ ಓಣಿ ಮಂದಿಗೆ ಮಾರಿ ನಾಕು ಕಾಸು ಗಳಸೋದು. ನಮ್ಮ ಕಡೆ ಹೆಣ್ಣಮಕ್ಕಳು ಹಾಲು ಮಜ್ಜಿಗಿ ಮಾರಿ ಸಂಸಾರ ತೂಗಿಸಿದ ಹಂಗ.

ಮೊದಲು ಅದನ್ನ ಮಾಡೋದು ಹೆಂಗ ಅಂತ ಒಂದೀಟು ಹೇಳಿಬಿಡ್ತೀನಿ, ಇಲ್ಲಾಂದ್ರ ಮುಂದಿನ ಕಥಿ ತಿಳಿಯೂದಿಲ್ಲ. ಕೂಸಿಗೆ ರಾಗಿ ಮೊಳಕಿ ಕಟ್ಟಿ, ಒಣಗಿಸಿ, ಹುರದು, ಬೀಸಿ ಮಾಲ್ಟ್ ಮಾಡ್ತೀವಲ್ಲ, ಅವರು ಜವೆಗೋಧಿಯನ್ನ ಹಂಗ ಮಾಡ್ತಾರ. ಅದನ್ನ ದಪ್ಪಗ ಒಡದು ಬಿಸಿನೀರಿನಾಗ ನೆನಸ್ತಾರ. ಮೊಳಕಿ ಕಾಳಿನೊಳಗಿನ ಕಿಣ್ವ ಅದರ ಗಂಜಿಯನ್ನ ಸಕ್ಕರಿ ಮಾಡ್ತದ, ನೀರು ಸಿಹಿ ಆಗ್ತದ. ಆ ಸಿಹಿನೀರು ಸೋಸಿ, ಆರಿಸಿ, ಅದಕ್ಕ ಹೆಪ್ಪು ಹಾಕಬೇಕು. ಈ ಹೆಪ್ಪಿಗೆ ಯೀಸ್ಟ್ ಅಂತಾರ. ಅದು ಸಕ್ಕರಿ ತಿಂದು ಮದ್ಯಸಾರ ಬಿಡ್ತದ, ಜೋಡೀಲೆ ಗಾಳಿ ಬಿಡ್ತದ. ಆ ಗಾಳಿಯಿಂದ ಮ್ಯಾಲೆ ದಪ್ಪ ನೊರಿ ಏಳ್ತದ. ನೊರಿ ಎದ್ದರ ಕೆಲಸ ಸುರು ಆತು ಅಂತ ಅರ್ಥ. ಆ ನೊರೀನ ತಗದಿಟ್ಟುಕೊಂಡು ಮುಂದಿನ ಸಲಕ್ಕ ಹೆಪ್ಪು ಮಾಡ್ಕೊಂಡ್ರ ಚಕ್ರ ತಿರಗಿಧಂಗ. ನಾವು ಮೊಸರಿನ ತಳದಾಗ ಒಂದು ಚಮಚಾ ಉಳಸಿಧಂಗ.

ಮಾರ್ಜರಿಯ ಪಾತ್ರಿ

ಇಂಗ್ಲೆಂಡಿನ ಮೂಡಣ ಕರಾವಳಿಯೊಳಗ ಲಿನ್ ಅಂತ ಒಂದು ಬಂದರಿನ ಊರು. ಈಗ ಅದಕ್ಕ ಕಿಂಗ್ಸ್ ಲಿನ್ ಅಂತಾರ. ಅಲ್ಲೆ ಸುಮಾರು 1373 ರಾಗ ಹುಟ್ಟಿದಾಕಿ ಮಾರ್ಜರಿ ಕೆಂಪ್. ಅಪ್ಪ ಆ ಊರಿನ ಮೇಯರ್ ಆಗಿದ್ದಂವ. ಮದುವಿ ಆತು, ಮಕ್ಕಳಾದವು, ಒಟ್ಟು 14 ಮಂದಿ. ಆಕಿಗೆ ಬರೀಲಿಕ್ಕೆ ಬರ್ತಿದ್ದಿಲ್ಲ. ವಯಸ್ಸಾದ ಮ್ಯಾಲೆ ತನ್ನ ಜೀವನದ ಕಥಿ ಹೇಳಿ ಬರಸಿದಳು. ಇಂಗ್ಲಿಷಿನ ಮೊದಲನೇ ಆತ್ಮಕಥಿ ಅಂತ ಭಾಳ ಮಂದಿ ಅದನ್ನ ಕರೀತಾರ. ಅದರ ಹಸ್ತಪ್ರತಿ ಕಳದು ಹೋಗಿತ್ತು, 1934 ರಾಗ ಒಬ್ಬರ ಮನಿಯೊಳಗ ಮತ್ತ ಸಿಕ್ತು.

ಆ ಪುಸ್ತಕದಾಗ ದೇವರು, ಯಾತ್ರಾ, ಕಣ್ಣೀರು ಎಲ್ಲಾ ಅದ. ಆದ್ರ ಸುರುವಿಗೇ ಒಂದು ಸಣ್ಣ ಸಂಗತಿ ಬರ್ತದ, ನಮ್ಮಂಥೋರು ಓದಿದ್ರ ಅಲ್ಲೇ ನಿಂತುಬಿಡ್ತೀವಿ. ಮಾರ್ಜರಿ ಬಿಯರ್ ಮಾಡಿ ಮಾರೋ ಉದ್ಯೋಗ ಸುರು ಮಾಡಿದ್ಳು. ಮೂರು ನಾಕು ವರ್ಷ ಊರಿಗೇ ದೊಡ್ಡ ಉದ್ಯೋಗ ಅದು. ಆಮ್ಯಾಲೆ ಕೈ ಕೊಡ್ತು. ಆಳುಗಳು ಚಲೋ ಕಸಬುದಾರರೇ ಇದ್ರು, ನೊರಿನೂ ನೋಡೋ ಹಂಗ ಚಂದ ಏಳ್ತಿತ್ತು, ಆದ್ರ ಒಮ್ಮೆಲೇ ಆ ನೊರಿ ಕುಸದು ಬೀಳ್ತಿತ್ತು. ಪಾತ್ರಿಯೊಳಗಿನದೆಲ್ಲಾ ಹಾಳು. ಒಂದು ಸಲ ಅಲ್ಲ, ಒಂದರ ಹಿಂದ ಒಂದು. ಆಳುಗಳು ನಾಚಿಕೊಂಡು ಆಕಿ ಹತ್ರ ಇರೂದಿಲ್ಲ ಅಂತ ಹೋಗಿಬಿಟ್ರು.

ಮಾರ್ಜರಿ ಏನು ತಿಳಕೊಂಡ್ಳು? ತನ್ನ ಸೊಕ್ಕಿಗೆ ದೇವರು ಕೊಟ್ಟ ಶಿಕ್ಷಾ ಇದು ಅಂತ. ಆಮ್ಯಾಲೆ ಕುದುರಿ ಕಟ್ಟಿ ಹಿಟ್ಟು ಬೀಸೋ ಗಿರಣಿ ಹಾಕಿದ್ಳು, ಕುದುರಿ ಎಳೀಲಿಲ್ಲ, ಅದೂ ಮುಳಗ್ತು. ಊರ ಮಂದಿ ಈಕಿಗೆ ಶಾಪ ತಟ್ಟ್ಯದ ಅಂತ ಮಾತಾಡಿಕೊಂಡ್ರು. ಪಾತ್ರಿ ಹತ್ರ ಹೋಗಿ, ಏನು ಕೆಟ್ಟದ ಅಂತ ನೋಡೋ ದಾರಿನ ಆ ಕಾಲಕ್ಕ ಯಾರಿಗೂ ಗೊತ್ತಿದ್ದಿಲ್ಲ.

ಇವತ್ತು ಮನಿಯೊಳಗ ಬಿಯರ್ ಮಾಡೋರಿಗೆ ಮಾರ್ಜರಿ ಕಥಿ ಹೇಳಿದ್ರ ಅವರು ಮೊದಲಿಗೆ ಒಂದು ಪ್ರಶ್ನಿ ಕೇಳ್ತಾರ: ನೊರಿ ಎದ್ದು ಎಷ್ಟು ದಿನಕ್ಕ ಕುಸೀತು? ಯಾಕಂದ್ರ ನೊರಿ ಕುಸಿಯೋದು ತಾನ ಕೆಟ್ಟದ್ದಲ್ಲ. ಸಕ್ಕರಿ ಮುಗದ ಮ್ಯಾಲೆ ಯೀಸ್ಟಿಗೆ ಕೆಲಸ ಇರೂದಿಲ್ಲ, ನೊರಿ ತಾನ ಇಳೀತದ. ಅದು ಕೆಲಸ ಮುಗದದ್ದೋ, ನಡುವ ನಿಂತದ್ದೋ ಅಂತ ಕಣ್ಣಿಗೆ ಕಾಣೂದಿಲ್ಲ. ಅದಕ್ಕ ಈಗ ಹೈಡ್ರೋಮೀಟರ್ ಅಂತ ಗಾಜಿನ ಕಡ್ಡಿ ತೇಲಿ ಬಿಡ್ತಾರ. ಸಕ್ಕರಿ ಇದ್ದಷ್ಟು ನೀರು ದಪ್ಪ, ಕಡ್ಡಿ ಮ್ಯಾಲೆ ನಿಂದರ್ತದ. ಸಕ್ಕರಿ ಕರಗಿ ಮದ್ಯಸಾರ ಆಧಂಗ ಕಡ್ಡಿ ಕೆಳಗ ಇಳೀತದ. ಸುರುವಿಗೆ 1.050 ಇದ್ದದ್ದು 1.012 ರ ಆಸುಪಾಸಿಗೆ ಬಂದು, ಎರಡು ಮೂರು ದಿನ ಅಲ್ಲೇ ನಿಂತ್ರ ಮುಗೀತು ಅಂತ ಲೆಕ್ಕ. 1.030 ಕ್ಕ ನಿಂತುಬಿಟ್ರ ನಡುವ ಕೈ ಕೊಟ್ಟದ ಅಂತ ತಿಳೀಬೇಕು. ಈ ಕಡ್ಡಿಯಿಂದ ಬಿಯರಿನ ಲೆಕ್ಕಾ ಹಾಕೋದನ್ನ ಜಾನ್ ರಿಚರ್ಡ್‌ಸನ್ ಅನ್ನಾಂವ ಪುಸ್ತಕ ಬರದು ತೋರಿಸಿದ್ದು 1784 ರಾಗ. ಮಾರ್ಜರಿ ಕಾಲಕ್ಕ ನಾಲಿಗಿ ಒಂದೇ ಕಡ್ಡಿ.

ಎರಡನೇ ಪ್ರಶ್ನಿ: ಒಂದೇ ಸಲ ಕೆಟ್ಟಿತೋ, ಪ್ರತಿ ಸಲನೋ? ಒಂದೇ ಸಲ ಆದ್ರ ಥಂಡಿ ಹವಾ ಇರಬಹುದು. ಹೆಚ್ಚಿನ ಏಲ್ ಯೀಸ್ಟಿಗೆ 18 ರಿಂದ 22 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಭಾಳ ಕೆಳಗ ಹೋದ್ರ ನಿದ್ದಿ ಹೋಗ್ತದ. ಆದ್ರ ಒಂದರ ಹಿಂದ ಒಂದು ಕೆಡತದ ಅಂದ್ರ, ಒಂದು ಪಾತ್ರಿಯಿಂದ ಇನ್ನೊಂದಕ್ಕ ಯಾವುದೋ ಒಂದು ದಾಟಿ ಹೊಂಟದ ಅಂತ ಅರ್ಥ. ದಾಟೋದು ಎರಡೇ: ತಗದಿಟ್ಟ ಹೆಪ್ಪು, ಇಲ್ಲಾ ಕಟ್ಟಿಗಿ ಪಾತ್ರಿಯ ಸಂದಿ. ಅವರ ಪಾತ್ರಿ ಎಲ್ಲಾ ಕಟ್ಟಿಗೀವು. ಎಷ್ಟು ತಿಕ್ಕಿದ್ರೂ ಹಲಗಿ ಸಂದಿಯೊಳಗ ಹುಳಿ ಉಳೀತದ. ಹೆಪ್ಪಿನ ಜೋಡಿ ಬ್ಯಾರೆ ಜಂತು ಸೇರಿದ್ರ, ಹೆಪ್ಪು ಹಾಕಿದಾಗೆಲ್ಲಾ ಅದನ್ನೂ ಹಾಕಿಧಂಗ. ಆರುನೂರು ವರ್ಷ ದೂರ ಕೂತು ಖಾತ್ರಿ ಹೇಳಲಿಕ್ಕೆ ಆಗೂದಿಲ್ಲ, ಆದ್ರ ಇವತ್ತಿನ ಯಾವ ಮನಿ ಬ್ರೂವರ್ ಆದ್ರೂ ಆಕಿಗೆ ಹೇಳೋ ಮೊದಲನೇ ಮಾತು ಒಂದೇ: ಪೂಜಿ ಆಮ್ಯಾಲೆ ಮಾಡವಾ, ಮೊದಲು ಹೆಪ್ಪು ಬದಲಿ ಮಾಡು.

ದೇವರು ಕೊಟ್ಟದ್ದು

ಹಂಗಂದ್ರ ಅವರಿಗೆ ಹೆಪ್ಪಿನ ಬೆಲಿ ಗೊತ್ತಿದ್ದಿಲ್ಲ ಅಂತಲ್ಲ. ಲಿನ್ ಇರೋ ನಾರ್ಫೋಕ್ ಸೀಮಿಯೊಳಗ ನಾರ್ವಿಚ್ ಅಂತ ದೊಡ್ಡ ಊರದ. ಅಲ್ಲೆ 1468 ರ ಒಂದು ದಾಖಲಿಯೊಳಗ ಈ ನೊರಿ ಹೆಪ್ಪಿಗೆ ಇಟ್ಟ ಹೆಸರು ನೋಡ್ರಿ: ಗಾಡ್ಸ್ ಗುಡ್. ದೇವರು ಕೊಟ್ಟ ಒಳ್ಳೇದು ಅಂತ. ದೇವರ ಕೃಪಾದಿಂದ ಬರೋದು ಅಂತ ಹೇಳಿ, ಬ್ರೂವರುಗಳು ಅದನ್ನ ಯಾರು ಕೇಳಿದ್ರೂ ಇಲ್ಲ ಅನಬಾರದು ಅನ್ನೋದು ಹಿಂದಿನಿಂದ ಬಂದ ಪದ್ಧತಿ. ಬದಲಿಗೆ ಬ್ರೆಡ್ಡು, ಗೋದಿ, ಮಾಲ್ಟು, ತತ್ತಿ ಏನರೆ ಕೊಡಬಹುದು. ಅದರ ಬೆಲಿ ಹೆಚ್ಚಂದ್ರ ಒಂದು ಫಾರ್ದಿಂಗ್, ಅಂದ್ರ ಆಗಿನ ಪೆನ್ನಿಯ ಕಾಲು ಭಾಗ.

ಇದೇ ನೊರಿ ಒಯ್ದು ಹೆಣ್ಣಮಕ್ಕಳು ಬ್ರೆಡ್ ಹಿಟ್ಟಿಗೆ ಹಾಕತಿದ್ರು. ಮಂಗಳೂರು ಕಡೆ ಕ್ರಿಶ್ಚನ್ ಮನಿಯೊಳಗ ಸನ್ನಾ ಉಬ್ಬಲಿಕ್ಕೆ ಶೇಂದಿ ಹಾಕ್ತಾರಲ್ಲ, ಅದರ ಹಿಂದಿನ ಕಾರಣನೂ ಅದೇ. ಶೇಂದಿಯೊಳಗ ಯೀಸ್ಟ್ ತಾನ ಇರ್ತದ. ನಮ್ಮ ಕಡೆ ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡೂದಿಲ್ಲ ಅನ್ನೋ ಮನಿ ಇನ್ನೂ ಅವ. ಅವರಲ್ಲೆ ಯಾವಾಗ ಕೇಳಿದ್ರೂ ಕೊಡಬೇಕು. ಎರಡೂ ಕಡೆ ಅದನ್ನ ದೇವರಿಗೆ ಹತ್ತರದ ವಸ್ತು ಅಂತನ ತಿಳಕೊಂಡಿದ್ರು ಅನ್ನೋದು ಖರೆ.

ನಾರ್ವೆಯ ಪಡುವಣ ಹಳ್ಳಿಗಳಾಗ ಇನ್ನೂ ಒಂದು ಪದ್ಧತಿ ಇತ್ತು. ಅಲ್ಲಿಯ ಹೆಪ್ಪಿಗೆ ಕ್ವೈಕ್ ಅಂತಾರ. ಕಟ್ಟಿಗಿ ತುಂಡಿನಾಗ ತೂತು ಕೊರದು, ಇಲ್ಲಾ ಸಣ್ಣ ಸಣ್ಣ ಕಟ್ಟಿಗಿ ಚೂರು ಪೋಣಿಸಿ ಉಂಗರ ಮಾಡಿ, ಅದನ್ನ ನೊರಿಯೊಳಗ ಅದ್ದಿ ಒಣಗಿಸಿ ತೂಗ ಹಾಕತಿದ್ರು. ಮುಂದಿನ ಸಲ ಮಾಡೋವಾಗ ಅದನ್ನ ಪಾತ್ರಿಯೊಳಗ ಇಳಿ ಬಿಟ್ರ ಒಣಗಿದ ಯೀಸ್ಟ್ ಎಚ್ಚರ ಆಗ್ತಿತ್ತು. ಕೆಟ್ಟ್ರ? ಬಾಜೂ ಮನಿಯಿಂದ ತರತಿದ್ರು. ಹೆಪ್ಪು ಹಾಕೋವಾಗ ಪಾತ್ರಿ ಮುಂದ ನಿಂತು ಜೋರಾಗಿ ಕೂಗೋ ಪದ್ಧತಿನೂ ಇತ್ತಂತ, ಯೀಸ್ಟಿಗೆ ಹುರುಪು ಬರಲಿ ಅಂತ. ನಗಬ್ಯಾಡ್ರಿ, ಹಪ್ಪಳದ ಹಿಟ್ಟಿಗೆ ದೃಷ್ಟಿ ತಗಿಯೋರು ನಾವು.

ಏನು ಕೆಟ್ಟಿತು ಅನ್ನೋ ಬದಲಿ ಯಾರು ಕೆಡಿಸಿದ್ರು

ಪಾತ್ರಿಯೊಳಗ ಏನದ ಅಂತ ಕಾಣಲಾರದ ಕಾಲದಾಗ ಮಂದಿ ಸುಮ್ಮನ ಕೂಡಲಿಲ್ಲ. ಏನು ಕೆಟ್ಟಿತು ಅಂತ ಗೊತ್ತಾಗದಿದ್ರ ಯಾರು ಕೆಡಿಸಿದ್ರು ಅಂತ ಹುಡಕತಾರ. ಮಾರ್ಜರಿ ತನ್ನನ್ನ ತಾನ ಬೈಕೊಂಡ್ಳು. ಎಲ್ಲಾರ ನಸೀಬು ಅಷ್ಟು ಚಲೋ ಇದ್ದಿಲ್ಲ.

1566 ರಾಗ ಇಂಗ್ಲೆಂಡಿನ ಎಸೆಕ್ಸ್ ಸೀಮಿಯ ಹ್ಯಾಟ್‌ಫೀಲ್ಡ್ ಪೆವರೆಲ್ ಅನ್ನೋ ಹಳ್ಳಿಯ ಆಗ್ನೆಸ್ ವಾಟರ್‌ಹೌಸ್ ಅನ್ನೋ ವಿಧವಾ ಮುದುಕಿ ಮ್ಯಾಲೆ ಮಾಟದ ಆರೋಪ ಬಂತು. ದೊಡ್ಡ ಆರೋಪ ಒಬ್ಬ ಗಂಡಸು ಸತ್ತದ್ದು. ಆದ್ರ ಆಕಿ ಬಾಯಿಂದ ಹೊರಡಿಸಿದ ತಪ್ಪೊಪ್ಪಿಗಿಯೊಳಗ ಸಣ್ಣ ಸಣ್ಣ ಬಾಬತ್ತೂ ಅವ. ನೆರಮನಿಯವರ ಬಾತುಕೋಳಿ ಸತ್ತದ್ದು, ಬೆಣ್ಣಿ ಕೊಡಲಿಲ್ಲ ಅಂತ ಮತ್ತೊಬ್ಬರ ಮನಿ ಹಾಲಿನ ಹೆಪ್ಪು ಹಾಳಾದದ್ದು, ಇನ್ನೊಬ್ಬರ ಮನಿ ಬಿಯರ್ ಕೆಟ್ಟದ್ದು. ಇದೆಲ್ಲಾ ಸೈತಾನ ಅನ್ನೋ ಹೆಸರಿನ ತನ್ನ ಬೆಕ್ಕಿನ ಕೈಲೆ ಮಾಡಿಸಿದೆ ಅಂತ. ಆ ವರ್ಷ ಜುಲೈದಾಗ ಚೆಲ್ಮ್ಸ್‌ಫರ್ಡಿನಾಗ ಆಕಿನ್ನ ಗಲ್ಲಿಗೆ ಹಾಕಿದ್ರು.

ಇಂಟರ್ನೆಟ್ಟಿನಾಗ ಒಂದು ಮಾತು ಓಡಾಡ್ತದ: ಮಾಟಗಾತಿಯ ಚೂಪು ಟೊಪ್ಪಿಗಿ, ಕಸಬರಿಗಿ, ಬೆಕ್ಕು ಎಲ್ಲಾ ಬಿಯರ್ ಮಾರೋ ಹೆಣ್ಣಮಕ್ಕಳಿಂದ ಬಂದದ್ದು ಅಂತ. ಅದಕ್ಕ ಪುರಾವೆ ಇಲ್ಲ. ಅಂಥಾ ಚಂದನ ಕಥಿ ನಮಗ ಬೇಕಾಗೂ ಇಲ್ಲ. ಕೆಟ್ಟ ಪಾತ್ರಿಯ ತಪ್ಪು ಒಬ್ಬ ಬಡ ಮುದುಕಿ ತಲಿಗೆ ಕಟ್ಟಿದ್ದು ಕೋರ್ಟಿನ ಮಾತಿನಾಗನ ಅದ, ಅದು ಸಾಕು.

ನಮ್ಮಲ್ಲೇನು ಕಡಿಮಿ ಇತ್ತೇನು? ಉಪ್ಪಿನಕಾಯಿ ಬೂಷ್ಟು ಹಿಡದ್ರ ಸೊಸಿ ಕೈಗುಣ. ಹಪ್ಪಳ ಕೆಂಪಾದ್ರ ಯಾರೋ ಹೊರಗಿನಾಕಿ ನೆರಳು. ಜಾಡಿ ಒಳಗ ಹಸಿ ಇತ್ತೇನು, ಉಪ್ಪು ಕಡಿಮಿ ಬಿತ್ತೇನು, ಎಣ್ಣಿ ಮ್ಯಾಲೆ ನಿಂತಿತ್ತೇನು ಅಂತ ನೋಡೋದಕ್ಕಿಂತ ಮೊದಲು ಯಾರು ಮುಟ್ಟಿದ್ರು ಅಂತ ಕೇಳತಿದ್ರು. ಗಲ್ಲಿಗೆ ಹಾಕಲಿಲ್ಲ ಅನ್ನೋದು ಬ್ಯಾರೆ ಮಾತು. ಆದ್ರ ಒಂದು ಮಾತು ಜಲ್ಮಪೂರ್ತಿ ಕುಟುಕೋದೂ ಸಣ್ಣದಲ್ಲ.

ಔಷಧ ಸಿಕ್ತು, ಉದ್ಯೋಗ ಹೋತು

ಹುಳಿ ಆಗಲಾರಧಂಗ ಇಡೋ ಉಪಾಯ ಜರ್ಮನಿ ಕಡೆ ಎಂದೋ ಗೊತ್ತಿತ್ತು. ಹಾಪ್ಸ್ ಅಂತ ಒಂದು ಬಳ್ಳಿ, ಅದರ ಕಹಿ ಹೂವು. ಸಿಹಿನೀರಿನ ಜೋಡಿ ಅದನ್ನ ಕುದಿಸಿದ್ರ ಬಿಯರ್ ಬೇಗ ಕೆಡೂದಿಲ್ಲ. ಹಿಲ್ಡೆಗಾರ್ಡ್ ಅನ್ನೋ ಸನ್ಯಾಸಿನಿ, 1098 ರಾಗ ಹುಟ್ಟಿ 1179 ರಾಗ ತೀರಿಕೊಂಡಾಕಿ, ಗಿಡಮೂಲಿಕಿ ಬಗ್ಗೆ ಬರದ ಪುಸ್ತಕದಾಗ ಇದನ್ನ ಹೇಳ್ಯಾಳ. ಹಾಪ್ಸಿನ ಕಹಿ ಪಾನೀಯವನ್ನ ಕೆಡಗೊಡೂದಿಲ್ಲ ಅಂತ. ಅದು ಯಾಕ ಅಂತ ಈಗ ಗೊತ್ತದ: ಹಾಪ್ಸಿನ ಕಹಿ ಅಂಶ ಹುಳಿ ಮಾಡೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವನ್ನ ಬೆಳೀಗೊಡೂದಿಲ್ಲ, ಯೀಸ್ಟಿಗೆ ಮಾತ್ರ ಏನೂ ಮಾಡೂದಿಲ್ಲ.

ಇಂಗ್ಲೆಂಡಿನಾಗ ಮಾರ್ಜರಿ ಕಾಲದಾಗ ಮಾಡತಿದ್ದದ್ದು ಹಾಪ್ಸ್ ಇಲ್ಲದ್ದು, ಅದಕ್ಕ ಏಲ್ ಅಂತಿದ್ರು. ಕೆಲವೇ ದಿನ ಬಾಳಿಕಿ. ಕೆಡೋ ವಸ್ತು ಆಗಿದ್ದಕ್ಕನ ಅದು ಹೆಣ್ಣಮಕ್ಕಳ ಕೈಯಾಗ ಉಳದಿತ್ತು, ಇದು ಸ್ವಲ್ಪ ವಿಚಾರ ಮಾಡೋ ಮಾತು. ನಾಕು ದಿನದಾಗ ಕೆಡೋದನ್ನ ದೂರ ಸಾಗಸಲಿಕ್ಕೆ ಆಗೂದಿಲ್ಲ, ದೊಡ್ಡ ಗೋದಾಮಿನಾಗ ತುಂಬಿಡಲಿಕ್ಕೆ ಆಗೂದಿಲ್ಲ. ಓಣಿಗೊಬ್ಬಾಕಿ ಮಾಡಬೇಕು, ಓಣಿಯವರು ಕುಡೀಬೇಕು. ಅದಕ್ಕನ ಬ್ರೂಸ್ಟರ್ ಅಂತ ಹೆಣ್ಣು ಬ್ರೂವರಿಗೆ ಬ್ಯಾರೆ ಶಬ್ದನ ಇತ್ತು.

ಹಾಪ್ಸ್ ಹಾಕಿದ ಬಿಯರ್ 1400 ರ ಸುಮಾರಿಗೆ ಸಮುದ್ರದಾಚೆಯಿಂದ ಇಂಗ್ಲೆಂಡಿಗೆ ಬಂತು. ಮೊದಲು ಪರದೇಶದವರ ಕುಡಿತ ಅಂತ ಮಂದಿ ಮೂಗು ಮುರದ್ರು. ಆದ್ರ ಲೆಕ್ಕ ಯಾರೂ ಅಲ್ಲಗಳಿಯಲಿಕ್ಕೆ ಆಗಲಿಲ್ಲ. ರೆಜಿನಾಲ್ಡ್ ಸ್ಕಾಟ್ ಅನ್ನಾಂವ 1574 ರಾಗ ಹಾಪ್ಸ್ ಬೆಳಿಯೋದು ಹೆಂಗ ಅಂತ ಪುಸ್ತಕ ಬರದ. ಒಂದು ಬುಶೆಲ್ ಮಾಲ್ಟಿಗೆ ಏಲ್ ಆದ್ರ 8–9 ಗ್ಯಾಲನ್, ಹಾಪ್ಸ್ ಹಾಕಿದ ಬಿಯರ್ ಆದ್ರ 18–20 ಗ್ಯಾಲನ್ ಅಂತ ಅಂವನ ಲೆಕ್ಕ. ಏಲ್ ಕೆಡಬಾರದು ಅಂದ್ರ ಗಟ್ಟಿ ಮಾಡಬೇಕು. ಹಾಪ್ಸ್ ಇದ್ರ ತೆಳ್ಳಗ ಮಾಡಿದ್ರೂ ಬಾಳ್ತದ.

ಈ ಸ್ಕಾಟನ 1584 ರಾಗ ಇನ್ನೊಂದು ಪುಸ್ತಕ ಬರದ. ಅದು ಹಾಪ್ಸಿಂದಲ್ಲ, ಮಾಟದ್ದು. ಮಾಟಗಾತಿ ಅಂತ ಹಿಡಿಯೋ ಮುದುಕೇರು ಬಡವರು, ನಿರಪರಾಧಿಗಳು, ಅವರ ಕೈಲೆ ಏನೂ ಆಗೂದಿಲ್ಲ ಅಂತ ಅದರಾಗ ವಾದ ಮಾಡ್ಯಾನ. ಬಿಯರ್ ಕೆಡಲಾರದ ದಾರಿ ತೋರಿಸಿದಾಂವನ, ಎಲ್ಲಾದಕ್ಕೂ ಮುದುಕೇರನ್ನ ಹಿಡೀಬ್ಯಾಡ್ರಿ ಅಂತಲೂ ಹೇಳಿದ. ಎರಡೂ ಒಬ್ಬನ ತಲಿಯೊಳಗ ಹುಟ್ಟಿದ್ದು ನನಗಂತೂ ಆಕಸ್ಮಿಕ ಅನಸೂದಿಲ್ಲ.

ಆದ್ರ ಔಷಧದ ಬೆಲಿ ತೆತ್ತಾಕಿ ಬ್ರೂಸ್ಟರ್. ತಿಂಗಳುಗಟ್ಟಲೆ ಬಾಳೋ ಬಿಯರ್ ಬಂದಕೂಡಲೆ ದೊಡ್ಡ ಹಂಡೆ, ದೊಡ್ಡ ಪೀಪಾಯಿ, ಸಾಲ, ದೂರದ ಗಿರಾಕಿ, ಸೈನ್ಯದ ಗುತ್ತಿಗಿ ಎಲ್ಲಾ ಬಂತು. ಸಾಲ ತಗೋಬೇಕಂದ್ರ, ಕರಾರು ಮಾಡಬೇಕಂದ್ರ ಮದುವಿ ಆದ ಹೆಣ್ಣಮಗಳಿಗೆ ತನ್ನ ಹೆಸರಿನಾಗ ಮಾಡೋ ಹಕ್ಕು ಕಡಿಮಿ. ಇತಿಹಾಸಕಾರ್ತಿ ಜುಡಿತ್ ಬೆನೆಟ್ 1300 ರಿಂದ 1600 ರ ತನಕದ ದಾಖಲಿ ನೋಡಿ 1996 ರಾಗ ಒಂದು ಪುಸ್ತಕ ಬರದಾರ. ಸುರುವಿಗೆ ಇಂಗ್ಲೆಂಡಿನ ಈ ಉದ್ಯೋಗ ಹೆಚ್ಚಾಗಿ ಹೆಣ್ಣಮಕ್ಕಳದಾಗಿತ್ತು, 1600 ರ ಹೊತ್ತಿಗೆ ಗಂಡಸರದಾತು ಅನ್ನೋದು ಅದರ ಸಾರ. ಕೈಗುಣ ಕೆಟ್ಟು ಹೋದದ್ದಲ್ಲ. ಉದ್ಯೋಗ ದೊಡ್ಡದಾಗೋವಾಗ ಬೇಕಾದ ರೊಕ್ಕ, ಹಕ್ಕು ಅವರ ಕೈಯಾಗ ಇದ್ದಿಲ್ಲ. ಹಪ್ಪಳ, ಮಸಾಲಿಪುಡಿ ಮಾರಾಟಕ್ಕ ಇಡೋ ನಮ್ಮ ಗೆಳತಿಯರು ಈ ಮಾತು ನೆನಪಿಡಬೇಕು. ಡಬ್ಬಿಯೊಳಗ ಆರು ತಿಂಗಳು ಕೆಡಲಾರಧಂಗ ಮಾಡಲಿಕ್ಕೆ ಕಲಿಯೋ ದಿನನ, ಉದ್ಯೋಗದ ಕಾಗದ ಯಾರ ಹೆಸರಿಗದ ಅಂತಲೂ ನೋಡಬೇಕು.

ಬ್ಯಾಸಗಿ, ಬರ್ಫ, ಸೂಕ್ಷ್ಮದರ್ಶಕ

ಹಾಪ್ಸ್ ಒಂದು ಶತ್ರುವನ್ನ ತಡೀತು. ಇನ್ನೊಂದು ಶತ್ರು ಬಿಸಿಲು. ಜರ್ಮನಿಯ ಬವೇರಿಯಾದಾಗ ಬ್ಯಾಸಗಿ ಬಿಯರ್ ಭಾಳ ಕೆಡತಿತ್ತು. ಅದಕ್ಕ 1553 ರಾಗ ಅಲ್ಲಿಯ ಡ್ಯೂಕ್ ಏಪ್ರಿಲ್ 23 ರಿಂದ ಸಪ್ಟೆಂಬರ್ 29 ರ ತನಕಾ ಬಿಯರ್ ಮಾಡಲೇಬಾರದು ಅಂತ ಹುಕುಂ ಹೊರಡಿಸಿದ. ಕಾರಣ ಗೊತ್ತಿಲ್ಲ, ಆದ್ರ ಯಾವಾಗ ಕೆಡತದ ಅಂತ ಗೊತ್ತದ. ಅನುಭವದ ಬುದ್ಧಿ ಅಂದ್ರ ಇದು. ನಾವು ಮಳಿಗಾಲದಾಗ ಸಂಡಿಗಿ ಹಾಕೂದಿಲ್ಲ, ಹಂಗ. 1870 ರ ದಶಕದಾಗ ಕಾರ್ಲ್ ಲಿಂಡೆ ಅನ್ನೋ ಇಂಜಿನಿಯರ್ ಥಂಡಿ ಮಾಡೋ ಯಂತ್ರ ತಂದ. ಅದನ್ನ ಮೊದಲು ಹಚ್ಚಿ ನೋಡಿದ್ದು ಮ್ಯೂನಿಕ್ಕಿನ ಬಿಯರ್ ಕಾರ್ಖಾನಿಯೊಳಗ. ನಮ್ಮ ಅಡಗಿಮನಿ ಫ್ರಿಜ್ಜಿನ ವಂಶಾವಳಿಯೊಳಗ ಬಿಯರಿನ ಹಂಡೆನೂ ಅದ ಅಂತ ತಿಳೀರಿ.

ಉಳಿದದ್ದು ಹೆಪ್ಪು. ಅದರೊಳಗ ಏನದ? 1680 ರಾಗ ಹಾಲೆಂಡಿನ ಲ್ಯೂವೆನ್‌ಹುಕ್ ತಾನ ಮಾಡಿದ ಮಸೂರದಾಗ ಬಿಯರ್ ನೋಡಿ ಸಣ್ಣ ಸಣ್ಣ ಗುಂಡು ಕಂಡ. ಅವು ಜೀವಂತ ಅಂತ ಅಂವಗ ಹೊಳೀಲಿಲ್ಲ. 1837 ರ ಸುಮಾರಿಗೆ ಮೂರು ಮಂದಿ ವಿಜ್ಞಾನಿಗಳು ಬ್ಯಾರೆ ಬ್ಯಾರೆ ಕೂತು, ಇವು ಜೀವ, ಬೆಳೀತಾವ ಅಂತ ಹೇಳಿದ್ರು. ದೊಡ್ಡ ರಸಾಯನಶಾಸ್ತ್ರಜ್ಞರು ಅವರನ್ನ ಚ್ಯಾಷ್ಟಿ ಮಾಡಿದ್ರು.

1856 ರಾಗ ಫ್ರಾನ್ಸಿನ ಲಿಲ್ ಊರಿನಾಗ ಬೀಟ್‌ರೂಟಿನಿಂದ ಮದ್ಯಸಾರ ತಗಿಯೋ ಒಂದು ಕಾರ್ಖಾನಿಯವರು, ನಮ್ಮ ಹಂಡೆ ಹುಳಿ ಆಗ್ಲಿಕ್ಕತ್ತಾವ ಅಂತ ಅಲ್ಲಿಯ ಪ್ರೊಫೆಸರನ್ನ ಕೇಳಿದ್ರು. ಅಂವನ ಲೂಯಿ ಪಾಶ್ಚರ್. ಅಂವ ದೇವರನ್ನೂ ಕೇಳಲಿಲ್ಲ, ಆಳುಗಳನ್ನೂ ಬೈಲಿಲ್ಲ. ಚಲೋ ಹಂಡೆಯಿಂದ ಒಂದು ಹನಿ, ಕೆಟ್ಟ ಹಂಡೆಯಿಂದ ಒಂದು ಹನಿ ತಗೊಂಡು ಸೂಕ್ಷ್ಮದರ್ಶಕದ ಕೆಳಗ ಇಟ್ಟ. ಚಲೋದರಾಗ ದುಂಡನ ಯೀಸ್ಟ್. ಕೆಟ್ಟದ್ದರಾಗ ಕಡ್ಡಿಯಂಥಾ ಸಣ್ಣ ಜೀವಿಗಳು. ಮಾರ್ಜರಿ ಕೇಳಲಾರದ ಪ್ರಶ್ನಿಗೆ ಸುಮಾರು ನಾಕುನೂರಾ ಐವತ್ತು ವರ್ಷದ ಮ್ಯಾಲೆ ಕಣ್ಣಿಗೆ ಕಾಣೋ ಉತ್ತರ ಸಿಕ್ಕಿದ್ದು ಆವಾಗ.

1871 ರಾಗ ಪಾಶ್ಚರ್ ಲಂಡನ್ನಿನ ವಿಟ್‌ಬ್ರೆಡ್ ಅನ್ನೋ ದೊಡ್ಡ ಬಿಯರ್ ಕಾರ್ಖಾನಿಗೆ ಹೋದ. ಅವರ ಯೀಸ್ಟ್ ನೋಡಿ, ಇದರಾಗ ಬ್ಯಾರೆ ಜಂತು ಸೇರ್ಯಾವ, ನಿಮಗ ನುಕಸಾನ ಆಗಲಿಕ್ಕತ್ತಿರಬೇಕಲ್ಲ ಅಂದ. ಮಾಲಕರು ಒಪ್ಪಿಕೊಂಡ್ರು. ಒಂದು ವಾರ ಬಿಟ್ಟು ಮತ್ತ ಹೋಗೋದರಾಗ ಅವರು ಸೂಕ್ಷ್ಮದರ್ಶಕ ತರಿಸಿ, ಹೊಸ ಹೆಪ್ಪು ಹಾಕಿಬಿಟ್ಟಿದ್ರು. ಬಿಯರಿನ ರೋಗಗಳ ಬಗ್ಗೆ ಪಾಶ್ಚರನ ಪುಸ್ತಕ 1876 ರಾಗ ಬಂತು.

ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನಿ ಕಟ್ಟಿದ ಜೇಕಬ್‌ಸನ್ ಅಂವ 1845 ರಾಗ ಮ್ಯೂನಿಕ್ಕಿನಿಂದ ಕೋಪನ್‌ಹೇಗನ್ ತನಕಾ ಹೆಪ್ಪು ತಂದ. ದಾರಿಯೊಳಗ ಗಾಡಿ ನಿಂತಲ್ಲೆಲ್ಲಾ ಇಳದು ಡಬ್ಬಿ ಮ್ಯಾಲೆ ತಣ್ಣೀರು ಸುರೀತಿದ್ದ. ತವರಿನಿಂದ ಹೆಪ್ಪಿನ ಗಿಂಡಿ ಹಿಡಕೊಂಡು ಬಸ್ಸಿನಾಗ ಬರೋ ಹೆಣ್ಣಮಕ್ಕಳಿಗೆ ಈ ಕಾಳಜಿ ಪರಿಚಯದ್ದು. ಇಷ್ಟು ಜೋಪಾನ ಮಾಡಿದ್ರೂ 1883 ರ ಹೊತ್ತಿಗೆ ಅಂವನ ಬಿಯರೂ ಕೆಡಲಿಕ್ಕೆ ಹತ್ತು. ಅಂವನ ಪ್ರಯೋಗಾಲಯದ ಎಮಿಲ್ ಹಾನ್ಸೆನ್ ಹುಡುಕಿ ನೋಡಿದ್ರ, ಈ ಸಲ ತಪ್ಪು ಬ್ಯಾಕ್ಟೀರಿಯಾದ್ದಲ್ಲ, ಯೀಸ್ಟಿನ ಒಳಗನ ಬ್ಯಾರೆ ಕಾಡು ಯೀಸ್ಟ್ ಸೇರಿತ್ತು. ಅಂವ ಒಂದೇ ಒಂದು ಚಲೋ ಯೀಸ್ಟ್ ಕಣ ಬ್ಯಾರೆ ಮಾಡಿ, ಅದರಿಂದ ಪೂರಾ ಹೊಸ ಹೆಪ್ಪು ಬೆಳಸಿದ. ಜೇಕಬ್‌ಸನ್ ಆ ಹೆಪ್ಪನ್ನ ತನ್ನೊಬ್ಬನ ಹತ್ರ ಇಟ್ಟುಕೊಳ್ಳಲಿಲ್ಲ. ಕೇಳಿದ ಬ್ಯಾರೆ ಕಾರ್ಖಾನಿಗಳಿಗೂ ಕೊಟ್ಟ. ನಾರ್ವಿಚ್ಚಿನ ಹಳೇ ಪದ್ಧತಿ ಪ್ರಯೋಗಾಲಯಕ್ಕ ಬಂದ್ರೂ ತಪ್ಪಲಿಲ್ಲ ನೋಡ್ರಿ.

ನಮ್ಮ ಹಿಟ್ಟಿಗೆ ಇದರಾಗೇನದ

ಅಮೆರಿಕಾದಾಗ ಮನಿಯೊಳಗ ಬಿಯರ್ ಮಾಡಲಿಕ್ಕೆ ಕೇಂದ್ರದ ಕಾನೂನು ಒಪ್ಪಿಗಿ ಕೊಟ್ಟದ್ದು 1978 ರಾಗ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಮ್ಯಾಲೆ. ಬ್ರಿಟನ್ನಿನಾಗ ಅದಕ್ಕೂ ಮೊದಲು, 1963 ರಾಗ ಲೈಸೆನ್ಸಿನ ಕಟ್ಟು ತಗದ್ರು. ಈಗ ಅಲ್ಲೆಲ್ಲಾ ಮತ್ತ ಅಡಗಿಮನಿಗೆ ಹಂಡೆ ಬಂದದ. ನಮ್ಮ ರಾಜ್ಯದಾಗ ಲೈಸೆನ್ಸ್ ಇಲ್ಲದ ಮಾಡೋದು ಅಪರಾಧ, ಅದಕ್ಕ ಯಾರೂ ಹಂಡೆ ಇಳಸಬ್ಯಾಡ್ರಿ. ಪರದೇಶದಾಗಿರೋ ಮಕ್ಕಳು, ಅಳಿಯಂದಿರು ಮಾಡತಿದ್ರ ಅವರು ಕೇಳಿಕೊಳ್ಳೋ ಪ್ರಶ್ನಿ ಮಾತ್ರ ನಾವೂ ಕಲೀಬಹುದು.

ಸುರುನ ಆಗಲಿಲ್ಲೇನು? ಗಾಬರಿ ಆಗಬಾರದು, 24 ತಾಸು, ಒಮ್ಮೊಮ್ಮೆ 72 ತಾಸು ತನಕಾ ಕಾಯಬೇಕು. ಮುಚ್ಚಳದ ನಳಿಯೊಳಗ ಗುಳ್ಳಿ ಬರದಿದ್ರೂ ಒಳಗ ಕೆಲಸ ನಡದಿರಬಹುದು, ಗಾಳಿ ಬ್ಯಾರೆ ಸಂದಿಯಿಂದ ಹೋಗ್ತಿರ್ತದ. ಕುದಿಯೋ ನೀರಿಗೇ ಹೆಪ್ಪು ಹಾಕಿದ್ರ ಸತ್ತಿರ್ತದ. ನಡುವ ನಿಂತ್ರ ಸ್ವಲ್ಪ ಬೆಚ್ಚಗಿನ ಜಾಗಾಕ್ಕ ಇಟ್ಟು, ಮೆಲ್ಲಕ ಅಳ್ಳಾಡಿಸಿ, ಆಗದಿದ್ರ ಹೊಸ ಯೀಸ್ಟ್ ಹಾಕಬೇಕು. ಬೆಣ್ಣಿ ವಾಸನಿ ಬಂದ್ರ ಇನ್ನೂ ಎರಡು ಮೂರು ದಿನ ಬಿಡಬೇಕು, ಹೆಚ್ಚಾಗಿ ಯೀಸ್ಟ್ ತಾನ ಅದನ್ನ ಸರಿ ಮಾಡ್ತದ. ವಿನೆಗರ್ ವಾಸನಿ ಬಂದ್ರ ಗಾಳಿ ಹೊಕ್ಕದ, ಅದಕ್ಕ ಔಷಧ ಇಲ್ಲ. ಮುಗಿಯೋಕಿಂತ ಮೊದಲು ಬಾಟ್ಲಿಗೆ ತುಂಬಿದ್ರ ಬಾಟ್ಲಿ ಒಡದು ಗಾಜು ಸಿಡೀತದ, ಇದು ನಗೋ ಮಾತಲ್ಲ.

ದ್ವಾಸಿ ಹಿಟ್ಟಿನಾಗ ಒಂದು ಮಜಾ ಅದ. ಬಿಯರಿಗೆ ಕಳ್ಳ ಅನಿಸಿದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ನಮ್ಮ ಹಿಟ್ಟಿಗೆ ಮನಿ ಮಗಳು. ಉದ್ದಿನಬ್ಯಾಳಿ ಜೋಡಿ ಬರೋ ಲ್ಯೂಕೊನಾಸ್ಟಾಕ್ ಅನ್ನೋದು ಹಿಟ್ಟು ಉಬ್ಬಸ್ತದ, ಹುಳಿನೂ ಮಾಡ್ತದ. ಅದಕ್ಕ 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಹವಾ ಬೇಕು. ನಮ್ಮ ಕಡೆ ಡಿಸೆಂಬರಿನ ರಾತ್ರಿ ಅಷ್ಟಿರೂದಿಲ್ಲ, ಅದಕ್ಕನ ಹಿಟ್ಟು ಮೊಂಡು ಹಿಡೀತದ. ಬ್ಯಾಳಿ ಹಳೇದಾದ್ರ, ರುಬ್ಬೋವಾಗ ಮಿಕ್ಸರ್ ಕಾದು ಹಿಟ್ಟು ಸುಡೋ ಹಂಗ ಬಿಸಿ ಆದ್ರ ಆಗಲೂ ಉಬ್ಬೂದಿಲ್ಲ.

ಹಂಗಾಗಿ ಮುಂದಿನ ಸಲ ಹಿಟ್ಟು ಉಬ್ಬದಿದ್ರ, ಮೊಸರು ನೀರೊಡದ್ರ ಮೂರು ಪ್ರಶ್ನಿ ಸಾಕು. ಹೆಪ್ಪು, ಬ್ಯಾಳಿ ಚಲೋ ಇತ್ತೇನು? ಹವಾ ಬೆಚ್ಚಗಿತ್ತೇನು? ಪಾತ್ರಿ ಸ್ವಚ್ಛ ಇತ್ತೇನು? ಮೂರಕ್ಕೂ ಉತ್ತರ ಪಾತ್ರಿ ಹತ್ರನ ಸಿಗತದ. ಯಾರು ಮುಟ್ಟಿದ್ರು ಅನ್ನೋ ನಾಲ್ಕನೇ ಪ್ರಶ್ನಿ ಕೇಳೋ ಪ್ರಸಂಗ ಬರೂದಿಲ್ಲ. ಹೊಸದಾಗಿ ಬಂದ ಸೊಸಿಗೆ ಹೆಪ್ಪು ಕೊಡೋವಾಗ ಈ ಮೂರನ್ನೂ ಜೋಡೀಲೆ ಕೊಟ್ಟು ಬಿಡ್ರಿ.